ತಡ ಜಲಪಾತಕ್ಕೆ ತಡವಾಗಿ ಹೋಗಬೇಡಿ!



ಹಿಂಗಾರು ಮಳೆ ನಿಂತು ಚೆನ್ನೈನ ಗಾಳಿ ಸ್ವಲ್ಪ ತಣ್ಣಗಾಯಿತು ಅಂದರೆ ಸಾಕು, ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಸಾರ್, ಊರಲ್ಲಿದ್ದಾಗ ಹೊಳೆಯಲ್ಲಿ ಈಜುತ್ತಿದ್ದೆವು. ಇಲ್ಲಿ ಸಮುದ್ರ ಬಿಟ್ಟರೆ ಬೇರೇನೂ ಇಲ್ಲವಾ?" ಕಳೆದ ಬಾರಿ ಕೇಳಿದವರು ಅಂಬತ್ತೂರಿನ ಒಬ್ಬ ಕೇಳುಗರು. ತೀರ್ಥಹಳ್ಳಿ ಕಡೆಯವರಂತೆ. ತುಂಗೆಯಲ್ಲಿ ಈಜಿ ಬೆಳೆದವರಿಗೆ ಅಪಾರ್ಟ್‌ಮೆಂಟಿನ ಕ್ಲೋರಿನ್ ವಾಸನೆಯ ಕೊಳ ಹಿಡಿಸೀತೇ? ಗಾಳಿಯಲ್ಲಿದ್ದಾಗ ಎರಡು ನಿಮಿಷದಲ್ಲಿ ಉತ್ತರ ಮುಗಿಸಬೇಕಾಯಿತು. ಇಲ್ಲಿ ಜಾಗವಿದೆ, ನಿಧಾನವಾಗಿ ಹೇಳೋಣ.

ಇದೆ. ಚೆನ್ನೈನಿಂದ ಉತ್ತರಕ್ಕೆ ಸುಮಾರು 80-90 ಕಿಲೋಮೀಟರು ಹೋದರೆ, ಆಂಧ್ರದ ಗಡಿ ದಾಟಿದ ಮೇಲೆ, ಪೂರ್ವಘಟ್ಟದ ಚಿಕ್ಕ ಬೆಟ್ಟಸಾಲಿನೊಳಗೆ ಒಂದು ತೊರೆ ಬಂಡೆಯಿಂದ ಬಂಡೆಗೆ ಇಳಿದು, ಮಧ್ಯೆ ಮಧ್ಯೆ ಕೊಳಗಳಾಗಿ ನಿಂತು, ಮುಂದೆ ಹರಿಯುತ್ತದೆ. ಚೆನ್ನೈನವರು ಇದನ್ನು 'ತಡ ಫಾಲ್ಸ್' ಅನ್ನುತ್ತಾರೆ, ಹೆದ್ದಾರಿಯಲ್ಲಿ ತಿರುಗಬೇಕಾದ ಊರು ತಡ ಆದ್ದರಿಂದ. ಅಲ್ಲಿಯವರ ಬಾಯಲ್ಲಿ ಅದು ಉಬ್ಬಲಮಡುಗು. ಕಣಿವೆಯಲ್ಲಿ ಸಿದ್ಧೇಶ್ವರನ ಗುಡಿಯಿದೆ, ಶಿವರಾತ್ರಿಗೆ ಸುತ್ತಲಿನ ಹಳ್ಳಿಗಳ ಜನ ನಡೆದು ಬರುತ್ತಾರೆ.

ಹೆಸರಿನಲ್ಲಿರುವ 'ಮಡುಗು' ಕನ್ನಡಿಗರಾದ ನಮಗೆ ಹೊಸದಲ್ಲ. ನಮ್ಮ 'ಮಡು'ವೇ ಅದು. ಆನೇಕಲ್ ಹತ್ತಿರದ ಮುತ್ಯಾಲಮಡುವಿಗೆ ಬೆಂಗಳೂರಿನವರು ಪಿಕ್ನಿಕ್ ಹೋಗುತ್ತಾರಲ್ಲ, ಅದೇ ಮಡು. ಕೃಷ್ಣ ಕಾಳಿಂಗನನ್ನು ತುಳಿದದ್ದೂ ಮಡುವಿನಲ್ಲೇ. ಕೆರೆ ಬೇರೆ, ಕಟ್ಟೆ ಬೇರೆ, ಮಡು ಬೇರೆ. ಹರಿಯುವ ನೀರು ತಾನೇ ಕೊರೆದು ಆಳ ಮಾಡಿಕೊಂಡ ಜಾಗಕ್ಕೆ ನಮ್ಮ ಹಿರಿಯರು ಮಡು ಎಂದರು. ಅಂದರೆ ಹೆಸರಿನಲ್ಲೇ ಎಚ್ಚರಿಕೆಯಿದೆ: ಇಲ್ಲಿ ಆಳವಿದೆ. ಈ ಲೇಖನದಲ್ಲಿ ದಾರಿಯ ಬಗ್ಗೆ ಕಡಿಮೆ, ನೀರಿನ ಬಗ್ಗೆ ಹೆಚ್ಚು ಬರೆಯುತ್ತಿರುವುದಕ್ಕೆ ಕಾರಣವೂ ಅದೇ. ದಾರಿಯನ್ನು ಈಗ ಮೊಬೈಲೇ ತೋರಿಸುತ್ತದೆ. ನೀರಿಗೆ ಯಾರು ಇಳಿಯಬೇಕು, ಎಲ್ಲಿ ಇಳಿಯಬೇಕು, ಯಾವಾಗ ಮೇಲೆ ಬರಬೇಕು ಅನ್ನುವುದನ್ನು ಯಾವ ಮೊಬೈಲೂ ತೋರಿಸುವುದಿಲ್ಲ. ಅದನ್ನು ಮನೆಯಲ್ಲಿ ಕುಳಿತಿರುವಾಗಲೇ ತೀರ್ಮಾನ ಮಾಡಿಕೊಂಡು ಹೊರಡಬೇಕು. ತಣ್ಣನೆಯ ನೀರನ್ನು ಕಂಡ ಮೇಲೆ ಯಾರ ತಲೆಯೂ ಸರಿಯಾಗಿ ಓಡುವುದಿಲ್ಲ!

ಮೊದಲು ಕಾಲದ ವಿಚಾರ. ನಮ್ಮವರಲ್ಲಿ ಅನೇಕರು ಇಲ್ಲೇ ಎಡವುವುದು. ಕರ್ನಾಟಕದಲ್ಲಿ ಜಲಪಾತ ನೋಡುವುದೆಂದರೆ ಮುಂಗಾರು, ಆಗಸ್ಟ್-ಸೆಪ್ಟೆಂಬರ್. ಜೋಗ ತುಂಬುವುದೂ ಆಗಲೇ. ಆ ಲೆಕ್ಕವನ್ನು ಇಲ್ಲಿಗೆ ತರಬೇಡಿ. ಚೆನ್ನೈಗೆ ವರ್ಷಕ್ಕೆ ಬೀಳುವ ಸುಮಾರು 1400 ಮಿಲಿಮೀಟರ್ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ. ನಮ್ಮ ರೈತರ ಲೆಕ್ಕದಲ್ಲಿ ಹೇಳುವುದಾದರೆ ಸ್ವಾತಿ, ವಿಶಾಖ, ಅನುರಾಧಾ ಮಳೆಗಳು. ಊರಲ್ಲಿ ರಾಗಿ ಕುಯಿಲಿಗೆ ಬರುವ ಹೊತ್ತಿಗೆ ಇಲ್ಲಿ ಮೋಡ ಕಟ್ಟುತ್ತದೆ. ತಡದ ಬೆಟ್ಟಗಳಿಗೂ ಇದೇ ಹಿಂಗಾರು, ಇದೇ ಬಂಗಾಳಕೊಲ್ಲಿಯ ವಾಯುಭಾರ ಕುಸಿತ. 2023ರ ಡಿಸೆಂಬರ್ ಮೊದಲ ವಾರದಲ್ಲಿ ಮಿಚಾಂಗ್ ಚಂಡಮಾರುತ ಚೆನ್ನೈಯನ್ನು ಮುಳುಗಿಸಿ, ಇದೇ ಕರಾವಳಿಯುದ್ದಕ್ಕೂ ಉತ್ತರಕ್ಕೆ ಸಾಗಿ ಬಾಪಟ್ಲ ಹತ್ತಿರ ದಡ ಸೇರಿತು. ಅಂಥ ವಾರಗಳಲ್ಲಿ ಆ ಕಣಿವೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ.

ಹಾಗಾಗಿ ಸರಿಯಾದ ಕಾಲ ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ನೀರು ಇರುತ್ತದೆ, ಕೆಂಪು ತಿಳಿಯಾಗಿರುತ್ತದೆ, ಬಿಸಿಲು ಕೊಲ್ಲುವುದಿಲ್ಲ. ಸಂಕ್ರಾಂತಿ ರಜೆಗೆ ಹೋಗಬಹುದು, ಆದರೆ ಪೊಂಗಲ್ ರಜೆಯಲ್ಲಿ ಅರ್ಧ ಚೆನ್ನೈ ಅಲ್ಲೇ ಇರುತ್ತದೆ, ಅದು ಗೊತ್ತಿರಲಿ. ಶಿವರಾತ್ರಿಯ ಮುಂಚಿನ ಯಾವುದಾದರೂ ವಾರದ ನಡುವಿನ ದಿನ ರಜೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಏಪ್ರಿಲ್-ಮೇ ಹೊತ್ತಿಗೆ ತೊರೆ ಬಡಕಲಾಗಿ ಮಡುವಿನ ನೀರು ನಿಂತಲ್ಲೇ ನಿಂತಿರುತ್ತದೆ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬೀಳುವ ಭಯವೂ ಇದೆ. 2018ರ ಮಾರ್ಚ್ 11ರಂದು ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದ ಕಾಳ್ಗಿಚ್ಚಿನಲ್ಲಿ 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಅವರಲ್ಲಿ ಚೆನ್ನೈನಿಂದ ಹೋದವರೂ ಇದ್ದರು. ಆ ಮೇಲೆಯೇ ತಮಿಳುನಾಡು ಸರ್ಕಾರ ಚಾರಣಕ್ಕೆ ಪ್ರತ್ಯೇಕ ನಿಯಮ ಮಾಡಿದ್ದು.

ಇನ್ನು ಅನುಮತಿ. ಉಬ್ಬಲಮಡುಗು ಇರುವುದು ಮೀಸಲು ಅರಣ್ಯದೊಳಗೆ. ತಮಿಳುನಾಡಿನದ್ದಲ್ಲ, ಆಂಧ್ರದ್ದು. ಹತ್ತಿರದ ದೊಡ್ಡ ಊರು ವರದಯ್ಯಪಾಳ್ಯಂ ಮೊದಲು ಚಿತ್ತೂರು ಜಿಲ್ಲೆಯಲ್ಲಿತ್ತು, 2022ರ ಏಪ್ರಿಲ್‌ನಲ್ಲಿ ಹೊಸ ತಿರುಪತಿ ಜಿಲ್ಲೆಗೆ ಸೇರಿತು. ಹಳೆಯ ಬರಹಗಳಲ್ಲಿ ಚಿತ್ತೂರು ಎಂದಿದ್ದರೆ ಗಾಬರಿಯಾಗಬೇಡಿ. ಕಾಡಿನ ಬಾಗಿಲಲ್ಲಿ ಅರಣ್ಯ ಇಲಾಖೆಯ ಗೇಟಿದೆ, ಟಿಕೆಟ್ ಪಡೆದು ಒಳಗೆ ಹೋಗಬೇಕು. ಮಳೆ ಜೋರಾದಾಗ, ಅಥವಾ ಏನಾದರೂ ಅವಘಡ ಆದ ಮೇಲೆ ಗೇಟು ಮುಚ್ಚುತ್ತಾರೆ. ಹೊರಡುವ ಹಿಂದಿನ ದಿನ ತೆಲುಗು ಬಲ್ಲ ಸ್ನೇಹಿತರಿಂದ ಅಲ್ಲಿಗೆ ಫೋನ್ ಮಾಡಿಸಿ ಕೇಳಿಕೊಳ್ಳುವುದು ಒಳ್ಳೆಯದು. ಅಂಥ ಸ್ನೇಹಿತರು ಇಲ್ಲದಿದ್ದರೂ ಚಿಂತೆಯಿಲ್ಲ, ಗಡಿ ಊರಾದ್ದರಿಂದ ತಮಿಳಿನಲ್ಲಿ ಕೇಳಿದರೂ ನಡೆಯುತ್ತದೆ.

"ಗೇಟು ಮುಚ್ಚಿದ್ದರೇನಂತೆ, ಪಕ್ಕದಿಂದ ಒಂದು ಕಾಲುದಾರಿಯಿದೆ" ಎಂದು ಹೇಳುವವರು ಸಿಕ್ಕೇ ಸಿಗುತ್ತಾರೆ. ದಯವಿಟ್ಟು ಬೇಡ! ಇದು ಬರೀ ದಂಡದ ಪ್ರಶ್ನೆಯಲ್ಲ. ಶೇಷಾಚಲದಿಂದ ಈ ಕಡೆಯವರೆಗಿನ ಬೆಟ್ಟಗಳು ರಕ್ತಚಂದನದ ಸೀಮೆ. ಜಗತ್ತಿನಲ್ಲಿ ಬೇರೆಲ್ಲೂ ತಾನಾಗಿ ಬೆಳೆಯದ ಈ ಮರ ಮುಖ್ಯವಾಗಿ ಬೆಳೆಯುವುದು ಕಡಪ, ಚಿತ್ತೂರು, ನೆಲ್ಲೂರು ಕಡೆಯ ಇಂಥ ಒಣಬೆಟ್ಟಗಳಲ್ಲೇ. ಅದರ ಕಳ್ಳಸಾಗಣೆಯ ಕಥೆ 'ಪುಷ್ಪ' ಸಿನಿಮಾ ನೋಡಿದವರಿಗೆಲ್ಲ ಗೊತ್ತು. ಸಿನಿಮಾದಲ್ಲಿ ಅದು ಮಜಾ. ನಿಜದಲ್ಲಿ 2015ರ ಏಪ್ರಿಲ್ 7ರಂದು ಶೇಷಾಚಲದ ಕಾಡಿನಲ್ಲಿ ಪೊಲೀಸರ ಗುಂಡಿಗೆ ತಮಿಳುನಾಡಿನ 20 ಮಂದಿ ಮರ ಕಡಿಯುವ ಕೂಲಿಗಳು ಬಲಿಯಾದರು. ಕತ್ತಲಲ್ಲಿ ಟಾರ್ಚು ಹಿಡಿದು ಕಾಡಿನ ಅಡ್ಡದಾರಿಯಲ್ಲಿ ನಡೆಯುವ ಗುಂಪು ಕಾವಲಿನವರ ಕಣ್ಣಿಗೆ ಪಿಕ್ನಿಕ್ ಗುಂಪಾಗಿ ಕಾಣಬೇಕೆಂದೇನೂ ಇಲ್ಲ. ಗೇಟಿನಿಂದ ಒಳಗೆ ಹೋಗಿ, ಬೆಳಕಿರುವಾಗ ಗೇಟಿನಿಂದಲೇ ಹೊರಗೆ ಬನ್ನಿ.

ಬೆಳಕು ಅಂದೆವಲ್ಲ. ಊರಿನ ಹೆಸರೇನೋ ತಡ, ಆದರೆ ಅಲ್ಲಿಗೆ ತಡವಾಗಿ ಮಾತ್ರ ಹೋಗಬಾರದು. ಸ್ವಂತ ಕಾರಿದ್ದರೆ ಬೆಳಿಗ್ಗೆ ಐದಕ್ಕೇ ಹೊರಡಿ. ಕೋಲ್ಕತಾ ಹೆದ್ದಾರಿ, ಈಗಿನ ರಾಷ್ಟ್ರೀಯ ಹೆದ್ದಾರಿ 16, ರೆಡ್‌ಹಿಲ್ಸ್, ಗುಮ್ಮಿಡಿಪೂಂಡಿ, ಆರಂಬಾಕ್ಕಂ ದಾಟಿದರೆ ತಡ. ಅಲ್ಲಿ ಎಡಕ್ಕೆ ಶ್ರೀಕಾಳಹಸ್ತಿ ರಸ್ತೆ, ಶ್ರೀಸಿಟಿಯ ಕಾರ್ಖಾನೆಗಳನ್ನು ದಾಟಿ ವರದಯ್ಯಪಾಳ್ಯಂ. ಕಾರಿಲ್ಲದವರು ಸೆಂಟ್ರಲ್‌ನಿಂದ ಸೂಳೂರುಪೇಟೆ ಲೋಕಲ್ ಹಿಡಿದು ತಡದಲ್ಲಿ ಇಳಿದು, ಅಲ್ಲಿಂದ ಆಟೋ ಗೊತ್ತು ಮಾಡಿಕೊಳ್ಳಬಹುದು. ಆಟೋದವರನ್ನು ಹಿಂತಿರುಗುವುದಕ್ಕೂ ಅಲ್ಲೇ ಒಪ್ಪಿಸಿಕೊಳ್ಳಿ, ಸಂಜೆ ಕಾಡಿನ ಬಾಗಿಲಲ್ಲಿ ನಿಂತು ಕೈ ಬೀಸಿದರೆ ನಿಲ್ಲುವವರು ಯಾರೂ ಇರುವುದಿಲ್ಲ. ಕೊನೆಯ ದೂರ ಮಣ್ಣು ದಾರಿ, ಆಮೇಲೆ ಬಂಡೆಗಳ ಮೇಲೆ ನಡಿಗೆ. ವಯಸ್ಸಾದ ಅಜ್ಜಿಯನ್ನು ಜಲಪಾತದವರೆಗೂ ಕರೆದೊಯ್ಯುವ ಆಸೆ ಬೇಡ, ಕೆಳಗೆ ತೊರೆಯ ಬದಿಯ ನೆರಳಲ್ಲಿ ಚಿತ್ರಾನ್ನದ ಡಬ್ಬದ ಜೊತೆ ಕೂರಿಸಿ. ಮಧ್ಯಾಹ್ನ ಮೂರರ ನಂತರ ಯಾರೂ ನೀರಲ್ಲಿ ಇರಬಾರದು ಎಂದು ಮೊದಲೇ ಮಾತಾಡಿಕೊಳ್ಳಿ. ಕಣಿವೆಯಲ್ಲಿ ಸೂರ್ಯ ಬೇಗ ಮರೆಯಾಗುತ್ತಾನೆ, ಒದ್ದೆ ಬಂಡೆಯ ಮೇಲೆ ಮಬ್ಬಿನಲ್ಲಿ ಇಳಿಯುವಾಗಲೇ ಹೆಚ್ಚು ಕಾಲು ಮುರಿಯುವುದು.

ಈಗ ನೀರಿಗೆ ಬರೋಣ. ಮಡುವಿನ ಅಂಚಿನಲ್ಲಿ ನಿಂತು ಬಗ್ಗಿ ನೋಡಿ. ತಳದ ಕಲ್ಲುಗಳು ಒಂದೊಂದೂ ಕಾಣುತ್ತವೆ. 'ಇಷ್ಟೇನಾ ಆಳ!' ಅನ್ನಿಸುತ್ತದೆ. ಅದೇ ಮೋಸ. ಹೈಸ್ಕೂಲಿನಲ್ಲಿ ನೀರಿನ ಲೋಟದಲ್ಲಿ ಪೆನ್ಸಿಲ್ ಮುರಿದಂತೆ ಕಾಣುವುದನ್ನು ನೋಡಿದ್ದೀರಲ್ಲ? ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುತ್ತದೆ, ಆದ್ದರಿಂದ ತಿಳಿನೀರಿನ ತಳ ಇರುವುದಕ್ಕಿಂತ ಮೇಲೆ ಕಾಣುತ್ತದೆ. ಲೆಕ್ಕ ಸರಳ: ಮೇಲಿನಿಂದ ನೇರವಾಗಿ ನೋಡಿದರೆ ನಾಲ್ಕು ಅಡಿ ಆಳ ಮೂರು ಅಡಿಯಾಗಿ ಕಾಣುತ್ತದೆ, ಹನ್ನೆರಡು ಅಡಿ ಒಂಬತ್ತಾಗಿ. ಅಂಚಿನಿಂದ ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಸೊಂಟದ ಮಟ್ಟ ಎಂದುಕೊಂಡು ಕಾಲಿಟ್ಟ ಜಾಗದಲ್ಲಿ ಎದೆಮಟ್ಟ ಇರುತ್ತದೆ. ಅಲ್ಲಿಂದ ಒಂದು ಹೆಜ್ಜೆ ಮುಂದೆ ಬಂಡೆಯೇ ಮುಗಿದು ಕೆಳಗೆ ಬಾವಿಯಂತೆ ಇಳಿದಿರುತ್ತದೆ. ಈಜುಕೊಳದಲ್ಲಿ ಆಳ ಇಳಿಜಾರಾಗಿ ಹೆಚ್ಚುತ್ತದೆ, ಗೋಡೆಯ ಮೇಲೆ ಅಡಿ ಬರೆದಿರುತ್ತದೆ. ಮಡುವಿನಲ್ಲಿ ಎರಡೂ ಇಲ್ಲ.

ಇನ್ನು ಜಲಪಾತದ ಕೆಳಗೆ ತಲೆಯೊಡ್ಡುವ ಆಸೆ. ನೊರೆ ಹಾಲಿನಂತೆ ಬೆಳ್ಳಗೆ ಕುದಿಯುವ ಆ ನೀರಿನಲ್ಲಿ ಅರ್ಧ ಗಾಳಿಯೇ ಇರುತ್ತದೆ. ಗಾಳಿ ಬೆರೆತ ನೀರು ನಿಮ್ಮನ್ನು ಎತ್ತಿ ಹಿಡಿಯುವುದಿಲ್ಲ. ಚೆನ್ನಾಗಿ ಈಜಬಲ್ಲವರೂ ಅಲ್ಲಿ ಕೈಕಾಲು ಬಡಿದಷ್ಟೂ ಮೇಲೆ ಬಾರದೆ ಗಾಬರಿಯಾಗುತ್ತಾರೆ. ಬೀಳುವ ಧಾರೆಗೆ ಮೈಯೊಡ್ಡಬೇಕೆಂದಿದ್ದರೆ, ನಿಲ್ಲಲು ಬಂಡೆಯಿರುವ ಚಿಕ್ಕ ಧಾರೆ ಹುಡುಕಿ. ಚಳಿಗಾಲದಲ್ಲಿ ಮೇಲ್ಮೈ ನೀರು ಬಿಸಿಲಿಗೆ ಹಿತವಾಗಿದ್ದರೂ ಕಾಲಿನ ಮಟ್ಟಕ್ಕೆ ಬರುವಾಗ ಐಸಿನಂತೆ ಇರುತ್ತದೆ. ಬೆವರಿ ನಡೆದು ಬಂದು ಒಮ್ಮೆಲೇ ಧುಮುಕಿದರೆ ಉಸಿರು ಗಕ್ಕನೆ ಎಳೆದುಕೊಳ್ಳುತ್ತದೆ, ಆ ಹೊತ್ತಿಗೆ ಬಾಯಿ ನೀರಿನಲ್ಲಿದ್ದರೆ ಕಥೆ ಮುಗಿದಂತೆ. ಮೊದಲು ಕುಳಿತು ಸ್ವಲ್ಪ ಹೊತ್ತು ವಿಶ್ರಾಂತಿ, ಆಮೇಲೆ ಕಾಲು, ಸೊಂಟ, ಮುಖಕ್ಕೆ ನೀರು, ನಂತರ ಇಳಿಯುವುದು. ಬಂಡೆಯ ಮೇಲಿಂದ ತಲೆಕೆಳಗಾಗಿ ಡೈವ್ ಹೊಡೆಯುವುದಂತೂ ಬೇಡವೇ ಬೇಡ. ಕಳೆದ ವರ್ಷ ಆಳವಿದ್ದ ಜಾಗಕ್ಕೆ ಈ ವರ್ಷದ ಪ್ರವಾಹ ಒಂದು ಬಂಡೆ ತಂದು ಕೂರಿಸಿರಬಹುದು. ಕುತ್ತಿಗೆ ಮುರಿದರೆ ಜೀವ ಉಳಿದರೂ ಬದುಕು ಹಾಸಿಗೆಯ ಮೇಲೆ.

ಆದರೆ ಎಲ್ಲಕ್ಕಿಂತ ದೊಡ್ಡ ಅಪಾಯ ಮಡುವಿನಲ್ಲಿಲ್ಲ, ಅದರ ಮೇಲಿನ ಬೆಟ್ಟದಲ್ಲಿದೆ. ಕಲ್ಲುಬೆಟ್ಟದ ಮೇಲೆ ಬಿದ್ದ ಮಳೆಯನ್ನು ಕುಡಿಯುವ ಮಣ್ಣು ಕಡಿಮೆ. ನಾಲ್ಕು ಕಿಲೋಮೀಟರ್ ಆಚೆ ಮೋಡ ಒಡೆದರೂ ಆ ನೀರೆಲ್ಲ ಒಂದೇ ಕಣಿವೆಗೆ ಇಳಿದು ಬರುತ್ತದೆ. ನಿಮ್ಮ ತಲೆಯ ಮೇಲೆ ನೀಲಿ ಆಕಾಶವೇ ಇರಬಹುದು! 2024ರ ಮೇ 17ರಂದು ತೆಂಕಾಶಿಯ ಹಳೇ ಕುಟ್ರಾಲಂ ಜಲಪಾತದಲ್ಲಿ ಹಾಗೇ ಆಯಿತು. ಜನ ಸ್ನಾನ ಮಾಡುತ್ತಿರುವಾಗ ನೀರು ಒಮ್ಮೆಲೇ ನುಗ್ಗಿತು, ಎಲ್ಲರೂ ಓಡಿದರು, ಒಬ್ಬ ಹದಿಹರೆಯದ ಹುಡುಗ ಕೊಚ್ಚಿ ಹೋಗಿ ಸತ್ತ. ಅದೇ ವರ್ಷ ಜೂನ್ 30ರಂದು ಲೋಣಾವಳದ ಭುಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದವರು ಬಂಡೆಯ ಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತ ವಿಡಿಯೋವನ್ನು ದೇಶವೆಲ್ಲ ನೋಡಿತು. ಮಕ್ಕಳೂ ಸೇರಿ ಐವರು ಹೋದರು.

ಬರುವ ಮುನ್ನ ನೀರು ಸುಳಿವು ಕೊಡುತ್ತದೆ, ನೋಡುವ ಕಣ್ಣು ಬೇಕು. ತಿಳಿಯಾಗಿದ್ದ ನೀರು ಕೆಂಪಾಗುವುದು, ಒಣ ಎಲೆ ಕಡ್ಡಿಗಳು ಇದ್ದಕ್ಕಿದ್ದಂತೆ ತೇಲಿ ಬರುವುದು, ಒಣಗಿದ್ದ ಬಂಡೆಯ ಅಂಚು ಒದ್ದೆಯಾಗುವುದು, ಧಾರೆಯ ಸದ್ದು ಬದಲಾಗುವುದು. ಇವುಗಳಲ್ಲಿ ಯಾವುದನ್ನು ಕಂಡರೂ ಚಪ್ಪಲಿ, ಮೊಬೈಲು, ಊಟದ ಡಬ್ಬ ಹುಡುಕುತ್ತ ನಿಲ್ಲಬೇಡಿ. ತೊರೆಯುದ್ದಕ್ಕೂ ಕೆಳಗೆ ಓಡಬೇಡಿ, ಪಕ್ಕಕ್ಕೆ, ಎತ್ತರಕ್ಕೆ ಹತ್ತಿ. ತೊರೆಯ ಮಧ್ಯದ ದೊಡ್ಡ ಬಂಡೆ ಊಟಕ್ಕೆ ಬಹಳ ಚಂದ ಕಾಣುತ್ತದೆ, ಆದರೆ ಎಲೆ ಹಾಕುವುದಿದ್ದರೆ ದಡದಲ್ಲೇ ಹಾಕಿ. ಮಧ್ಯದ ಬಂಡೆಗಳ ಮೇಲೆ ಸಿಕ್ಕಿಹಾಕಿಕೊಂಡವರ ಸುದ್ದಿ ನಾವು ಬೇಕಾದಷ್ಟು ಓದಿದ್ದೇವೆ. ಹೊರಡುವ ಹಿಂದಿನ ರಾತ್ರಿ ನುಂಗಂಬಾಕ್ಕಂನ ಹವಾಮಾನ ಕೇಂದ್ರದ ಮುನ್ಸೂಚನೆ ಕೇಳಿ. ರೇಡಿಯೋದವರು ರೇಡಿಯೋ ಕೇಳಿ ಅಂತಲೇ ಹೇಳುತ್ತಾರೆ ಎಂದು ನಗಬಹುದು, ನಗಿ, ಆದರೆ ಕೇಳಿ! ಚೆನ್ನೈನದ್ದು ಮಾತ್ರವಲ್ಲ, ತಿರುಪತಿ ಮತ್ತು ನೆಲ್ಲೂರು ಜಿಲ್ಲೆಗಳದ್ದನ್ನೂ ನೋಡಿಕೊಳ್ಳಿ.

ಯಾರು ಇಳಿಯಬಹುದು? ಊರಲ್ಲಿ ನಮ್ಮ ತಂದೆಯವರ ಕಾಲದಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿ ಬಾವಿಗೆ ತಳ್ಳುತ್ತಿದ್ದರು, ಮೇಲೆ ಹಗ್ಗ ಹಿಡಿದು ಮಾವನೋ ಚಿಕ್ಕಪ್ಪನೋ ನಿಂತಿರುತ್ತಿದ್ದ. ಆ ಪದ್ಧತಿಯಲ್ಲಿ ಎರಡು ಬುದ್ಧಿವಂತಿಕೆಗಳಿದ್ದವು: ತೇಲುವ ವಸ್ತು ಒಂದು, ದಡದಲ್ಲಿ ನೋಡುವವ ಒಬ್ಬ. ಮಡುವಿಗೆ ಹೋಗುವಾಗಲೂ ಇವೆರಡು ಇರಲಿ. ಲೈಫ್ ಜಾಕೆಟ್ ಇದ್ದರೆ ಅದು ಇಂದಿನ ಸೋರೆಬುರುಡೆ. ಮಕ್ಕಳಿಗೆ, ಈಜು ಬಾರದವರಿಗೆ ಅದಿಲ್ಲದೆ ಮೊಣಕಾಲು ಮಟ್ಟಕ್ಕಿಂತ ಮುಂದೆ ಬಿಡಬೇಡಿ. ಗಾಳಿ ತುಂಬಿದ ಟ್ಯೂಬು ಬಂಡೆಯ ಚೂಪಿಗೆ ತಗುಲಿ ಠುಸ್ಸೆನ್ನುತ್ತದೆ, ನಂಬಬೇಡಿ. ನಮ್ಮ ಚೆನ್ನೈ ಮನೆಗಳಲ್ಲಿ ನೀರಿನ ಕ್ಯಾನುಗಳಿಗೆ ಬರವೇ? ಖಾಲಿ ಐದು ಲೀಟರ್ ಕ್ಯಾನಿಗೆ ಮುಚ್ಚಳ ಬಿಗಿದು, ಹಿಡಿಗೆ ಇಪ್ಪತ್ತು ಮೊಳ ನೈಲಾನ್ ಹಗ್ಗ ಕಟ್ಟಿ ಒಯ್ಯಿರಿ. ಎದೆಗೆ ಅವುಚಿಕೊಂಡರೆ ಒಬ್ಬರ ತಲೆಯನ್ನು ನೀರಿನ ಮೇಲೆ ಹಿಡಿದಿಡಲು ಅಷ್ಟು ಸಾಕು. ಸೀರೆ, ದುಪಟ್ಟಾ, ಜೀನ್ಸ್ ತೊಟ್ಟು ನೀರಿಗಿಳಿಯುವುದು ಬೇಡ. ಒದ್ದೆ ಜೀನ್ಸ್ ಎಷ್ಟು ಭಾರ ಎಂದು ಬಟ್ಟೆ ಒಗೆಯುವವರನ್ನು ಕೇಳಿ!

ಈಜು ಬರುತ್ತದೆ ಎನ್ನುವ ಮಾತನ್ನೂ ಸ್ವಲ್ಪ ಪರೀಕ್ಷಿಸಿಕೊಳ್ಳಿ. ಹದಿನೈದು ವರ್ಷದ ಹಿಂದೆ ಬರುತ್ತಿತ್ತು ಎನ್ನುವುದು ಈಗ ಬರುತ್ತದೆ ಎಂದಾಗುವುದಿಲ್ಲ. ಓಎಂಆರ್‌ನ ಆಫೀಸಿನಲ್ಲಿ ದಿನಕ್ಕೆ ಹತ್ತು ಗಂಟೆ ಕುಳಿತ ಮೈ ಅದು. ಹೋಗುವ ತಿಂಗಳ ಮುಂಚೆ ಮರೀನಾ ಈಜುಕೊಳಕ್ಕೋ, 1995ರ ಸ್ಯಾಫ್ ಕ್ರೀಡೆಗಳಿಗೆಂದು ವೇಳಚೇರಿಯಲ್ಲಿ ಕಟ್ಟಿದ ಈಜುಕೊಳಕ್ಕೋ ನಾಲ್ಕು ದಿನ ಹೋಗಿ ಬನ್ನಿ. ನಿಲ್ಲದೆ ಐವತ್ತು ಮೀಟರ್ ಈಜಿ, ಆಮೇಲೆ ಎರಡು ನಿಮಿಷ ಕಾಲು ಊರದೆ ತೇಲಬಲ್ಲಿರಾ ನೋಡಿ. ಆಗದಿದ್ದರೆ ಮಡುವಿನಲ್ಲಿ ನೀವು ದಡದವರ ಪಂಗಡ. ಕುಡಿದವರಂತೂ ಯಾವ ಪಂಗಡಕ್ಕೂ ಸೇರುವುದಿಲ್ಲ, ಅವರು ಕಾರಿನಲ್ಲೇ ಇರಲಿ. ಕಾಡಿಗೆ ಬಾಟಲಿ ಒಯ್ಯುವುದೇ ತಪ್ಪು, ಅದನ್ನು ಬಂಡೆಗೆ ಒಡೆದು ಬರುವುದು ಪಾಪ. ಆ ಚೂರುಗಳು ಮುಂದೆ ಬರಿಗಾಲಲ್ಲಿ ಇಳಿಯುವ ಮಗುವಿಗೆ ಕಾದಿರುತ್ತವೆ.

ಮುಳುಗುವವರು ಸಿನಿಮಾದಲ್ಲಿ 'ಕಾಪಾಡಿ' ಎಂದು ಕೂಗುತ್ತಾರೆ. ನಿಜದಲ್ಲಿ ಕೂಗಲು ಉಸಿರಿರುವುದಿಲ್ಲ, ಕೈ ಬೀಸಲು ಶಕ್ತಿಯಿರುವುದಿಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿ ಮುಳುಗಿ ಏಳುತ್ತ, ಕಣ್ಣು ಎಲ್ಲೋ ನೋಡುತ್ತ, ಒಂದೇ ಕಡೆ ಏಣಿ ಹತ್ತುವಂತೆ ಕೈಯಾಡಿಸುತ್ತಿರುತ್ತಾರೆ. ಒಂದು ನಿಮಿಷದೊಳಗೆ ಎಲ್ಲ ಮುಗಿಯಬಹುದು. ಮೂರು ಮಾರು ದೂರದಲ್ಲಿ ಉಳಿದವರು ಸೆಲ್ಫಿ ತೆಗೆಯುತ್ತಿರುತ್ತಾರೆ. ಅದಕ್ಕೇ ದಡದಲ್ಲಿ ಒಬ್ಬರು, ಬರೀ ನೋಡುವ ಕೆಲಸಕ್ಕೆ, ಸರದಿಯ ಮೇಲೆ ಇರಬೇಕು. ಕೈಯಲ್ಲಿ ಹಗ್ಗ ಮತ್ತು ಕ್ಯಾನು, ಮೊಬೈಲಲ್ಲ. ನಮ್ಮ ದೇಶದಲ್ಲಿ 2022ರಲ್ಲಿ ನೀರಿನಲ್ಲಿ ಮುಳುಗಿ ಸತ್ತವರ ಅಧಿಕೃತ ಲೆಕ್ಕವೇ 38 ಸಾವಿರ ದಾಟಿದೆ.

ಪತ್ರಿಕೆಗಳಲ್ಲಿ 'ಒಬ್ಬನನ್ನು ಉಳಿಸಲು ಹೋದ ಇಬ್ಬರೂ ನೀರುಪಾಲು' ಎಂಬ ಸುದ್ದಿಯನ್ನು ನೀವು ಎಷ್ಟು ಸಲ ಓದಿದ್ದೀರಿ? ಮುಳುಗುವವನ ಹಿಡಿತ ಉಡದ ಹಿಡಿತ. ತಮ್ಮನೇ ಆಗಲಿ, ಮಗನೇ ಆಗಲಿ, ತರಬೇತಿಯಿಲ್ಲದೆ ಹಿಂದೆ ಧುಮುಕಬೇಡಿ. ಈ ಮಾತು ಕಠಿಣವಾಗಿ ಕೇಳಿಸುತ್ತದೆ, ಗೊತ್ತು. ಆದರೂ ಮೊದಲು ಹಗ್ಗ ಎಸೆಯಿರಿ, ಕ್ಯಾನು ಎಸೆಯಿರಿ, ಕೊಂಬೆ ಚಾಚಿ, ಏನೂ ಇಲ್ಲದಿದ್ದರೆ ಪಂಚೆ ಬಿಚ್ಚಿ ಒಂದು ತುದಿ ಎಸೆದು ದಡದಲ್ಲಿ ಮಲಗಿ ಎಳೆಯಿರಿ.

ಹೊರಗೆ ತಂದ ಮೇಲೆ ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ಕಾಲು ಹಿಡಿದು ತಲೆಕೆಳಗಾಗಿ ತಿರುಗಿಸುವುದು, ಇವೆಲ್ಲ ಹಳೆಯ ನಂಬಿಕೆಗಳು, ಅಮೂಲ್ಯ ನಿಮಿಷಗಳು ಹಾಳು. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎರಡು ಸಲ ಉಸಿರೂದಿ. ನಂತರ ಎದೆಯ ನಡುಭಾಗವನ್ನು ಎರಡು ಅಂಗುಲದಷ್ಟು ಒಳಹೋಗುವಂತೆ 30 ಬಾರಿ ಒತ್ತಿ, ನಿಮಿಷಕ್ಕೆ 100-120ರ ವೇಗದಲ್ಲಿ. ಮತ್ತೆ ಎರಡು ಉಸಿರು, ಮತ್ತೆ 30. ಸಹಾಯ ಬರುವವರೆಗೂ ನಿಲ್ಲಿಸಬೇಡಿ. 108 ಆಂಬುಲೆನ್ಸ್ ಆಂಧ್ರದಲ್ಲೂ ಅದೇ ನಂಬರು. ಆದರೆ ಕಣಿವೆಯೊಳಗೆ ಸಿಗ್ನಲ್ ಸಿಗುವುದು ಕಷ್ಟ, ಒಬ್ಬರು ಗೇಟಿನ ಕಡೆಗೆ ಓಡಬೇಕಾಗುತ್ತದೆ. ನಾಲ್ಕು ಜನಕ್ಕಿಂತ ಕಡಿಮೆ ಹೋಗಬೇಡಿ ಎನ್ನುವುದು ಇದಕ್ಕೇ: ಒಬ್ಬರಿಗೆ ಏನಾದರೂ ಆದರೆ ಇಬ್ಬರು ಆರೈಕೆಗೆ, ಒಬ್ಬರು ಓಡಲು.

ಕೆಲವರು ನಾಗಲಾಪುರದ ಬಗ್ಗೆಯೂ ಕೇಳಿದ್ದೀರಿ. ಊತ್ತುಕೋಟೆ ದಾಟಿ ಹೋಗುವ ಊರು. ಕೃಷ್ಣದೇವರಾಯ ತನ್ನ ತಾಯಿ ನಾಗಲಾದೇವಿಯ ಹೆಸರಲ್ಲಿ ಕಟ್ಟಿಸಿದ್ದು ಎನ್ನುತ್ತಾರೆ, ಮತ್ಸ್ಯಾವತಾರದ ವೇದನಾರಾಯಣಸ್ವಾಮಿಯ ದೇವಸ್ಥಾನ ನೋಡಲೇಬೇಕಾದದ್ದು. ಹಿಂದಿನ ಬೆಟ್ಟದಲ್ಲಿ ಮಡುಗಳ ಸಾಲೇ ಇದೆ, ನಿಜಕ್ಕೂ ತಡಕ್ಕಿಂತ ಚೆಲುವು. ಆದರೆ ದಾರಿ ಕಠಿಣ, ಮಡುಗಳು ಇನ್ನೂ ಆಳ. ಮೊದಲ ಸಲ ಹೋಗುವ ಕುಟುಂಬಗಳಿಗೆ ನಾವು ಅದನ್ನು ಹೇಳುವುದಿಲ್ಲ.

ಅಷ್ಟು ದೂರ ಯಾಕೆ, ಊರ ಹತ್ತಿರವೇ ನೀಲಿ ನೀರಿದೆಯಲ್ಲ ಎಂದು ಪಲ್ಲಾವರಂ, ತ್ರಿಶೂಲಂ ಕಡೆಯ ಕಲ್ಲುಕ್ವಾರಿಗಳಿಗೆ ಹೋಗುವ ಹುಡುಗರಿದ್ದಾರೆ. ಕ್ವಾರಿ ಮಡುವಲ್ಲ. ಸಿಡಿಮದ್ದಿನಿಂದ ಸೀಳಿದ ಗೋಡೆಗಳಿಗೆ ಹತ್ತಿ ಬರಲು ಒಂದು ಮೆಟ್ಟಿಲೂ ಇರುವುದಿಲ್ಲ, ತಳ ಎಲ್ಲಿದೆಯೋ ಯಾರಿಗೂ ತಿಳಿಯದು. ಮನೆಯ ಹುಡುಗರು ಭಾನುವಾರ ಟವೆಲ್ ಹಿಡಿದು ಹೊರಟರೆ ಎಲ್ಲಿಗೆ ಎಂದು ಕೇಳಿ.

ಕೊನೆಗೆ ಒಂದು ಉಪಯೋಗದ ಮಾತು. ಅಷ್ಟು ದೂರ ಹೋಗಿ ಗೇಟು ಮುಚ್ಚಿದ್ದರೆ, ಅಥವಾ ನೀರು ಕೆಂಪಾಗಿದ್ದರೆ, 'ಬಂದಿದ್ದೇವಲ್ಲ' ಎಂಬ ಹಟವೇ ಜನರನ್ನು ಇಳಿಸುತ್ತದೆ. ಆದ್ದರಿಂದ ಎರಡನೆಯ ಜಾಗ ಒಂದನ್ನು ಮೊದಲೇ ಇಟ್ಟುಕೊಂಡಿರಿ. ಕಾರನ್ನು ಹೆದ್ದಾರಿಗೆ ತಿರುಗಿಸಿ, ಸೂಳೂರುಪೇಟೆಯಲ್ಲಿ ಚೆಂಗಾಳಮ್ಮನ ದರ್ಶನ ಮಾಡಿ, ಊಟ ಮುಗಿಸಿ, ಇನ್ನೂ ಸ್ವಲ್ಪ ಉತ್ತರಕ್ಕೆ ಹೋದರೆ ದೊರವಾರಿಸತ್ರದ ಹತ್ತಿರ ನೇಲಪಟ್ಟು ಪಕ್ಷಿಧಾಮ. ನಮ್ಮ ಮದ್ದೂರಿನ ಕಡೆಯ ಕೊಕ್ಕರೆ ಬೆಳ್ಳೂರಿಗೆ ಬರುತ್ತವಲ್ಲ, ಅದೇ ಹೆಜ್ಜಾರ್ಲೆಗಳು ಇಲ್ಲಿಯೂ ಗೂಡು ಕಟ್ಟುತ್ತವೆ. ಡಿಸೆಂಬರ್-ಜನವರಿಯಲ್ಲಿ ಕೆರೆಯೊಳಗಿನ ಮರಗಳ ಮೇಲೆ ಗೂಡುಗಳ ಸಂತೆಯೇ ಇರುತ್ತದೆ. ಮರಿಗಳು ಅಮ್ಮನ ಚೀಲದ ಕೊಕ್ಕಿನೊಳಗೆ ತಲೆ ಹಾಕಿ ಮೀನು ಹೆಕ್ಕುವುದನ್ನು ನೋಡುತ್ತ ಮಕ್ಕಳು ಸಂಜೆಯವರೆಗೂ ಅಲ್ಲಿಂದ ಕದಲುವುದಿಲ್ಲ. ದುರ್ಬೀನು ಇದ್ದರೆ ಮರೆಯದೆ ಒಯ್ಯಿರಿ.